ಜೇನು ತೆಗೆದ ಮೇಲೆ ಉಳಿದ ಎರಿ: ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಕರಗಿಸಬೇಕು?

ಪ್ರಶ್ನೆ: ನಮ್ಮ ಮನೆ ಸುಳ್ಯದ ಹತ್ತಿರ. ಹಿತ್ತಿಲಲ್ಲಿ ಮೂರು ತುಡುವೆ (ನಮ್ಮ ನಾಡಿನ ಪೆಟ್ಟಿಗೆ ಜೇನು) ಪೆಟ್ಟಿಗೆ ಇಟ್ಟಿದ್ದೇವೆ, ಇದು ಎರಡನೇ ವರ್ಷ. ಈ ಸಲ ಜೇನು ತೆಗೆಯುವಾಗ ಒಂದಷ್ಟು ಬಿಳಿ ಎರಿ (ಮೇಣದ ಜೇನುಹುಟ್ಟು) ಮುರಿದು ಉಳಿಯಿತು. ಜೇನು ತುಂಬಿದ ಕೋಶಗಳ ಮೇಲಿನ ಮುಚ್ಚಳ ಕೊಯ್ದ ಮೇಣ ಒಂದು ಡಬ್ಬಿ ಇದೆ. ಒಂದು ಜೇನು ಕುಟುಂಬ ಗೂಡು ಬಿಟ್ಟು ಹೋಗಿದೆ, ಆ ಪೆಟ್ಟಿಗೆಯಲ್ಲಿ ಕಪ್ಪಾದ ಎರಿಗಳು ಹಾಗೇ ಇವೆ. ಬಿಸಾಡಲು ಮನಸ್ಸು ಬರುತ್ತಿಲ್ಲ. ಬೇರೆ ಪೆಟ್ಟಿಗೆಗೆ ಕೊಡಬಹುದಾ? ಕರಗಿಸಿದರೆ ಎಷ್ಟು ಮೇಣ ಸಿಗುತ್ತದೆ, ಅದನ್ನು ಏನು ಮಾಡುವುದು? ಸ್ವಲ್ಪ ಕಪ್ಪು ಎರಿಯನ್ನು ಪಾತ್ರೆಗೆ ಹಾಕಿ ಕುದಿಸಿ ನೋಡಿದೆ, ಕಪ್ಪು ಗಸಿ ಬಿಟ್ಟರೆ ಏನೂ ಬರಲಿಲ್ಲ.

ಉತ್ತರ: ಉಳಿದದ್ದೆಲ್ಲ ಆಮೇಲೆ. ಆ ಗೂಡು ಬಿಟ್ಟ ಪೆಟ್ಟಿಗೆಯನ್ನು ಇವತ್ತೇ ತೆರೆಯಿರಿ.

ಕಾಯುವ ಜೇನುನೊಣಗಳಿಲ್ಲದ ಕಪ್ಪು ಎರಿ ಎಂದರೆ ಮೇಣದ ಪತಂಗಕ್ಕೆ ಹಬ್ಬ. ಬೂದು ಬಣ್ಣದ ಸಣ್ಣ ಚಿಟ್ಟೆ ಅದು, ರಾತ್ರಿ ಬಂದು ಪೆಟ್ಟಿಗೆಯ ಸಂದಿಯಲ್ಲಿ ಮೊಟ್ಟೆ ಇಟ್ಟು ಹೋಗುತ್ತದೆ. ನಮ್ಮ ಕರಾವಳಿ, ಮಲೆನಾಡಿನ ಸೆಕೆಗೆ ಮೊಟ್ಟೆ ಒಡೆಯಲು ಕೆಲವೇ ದಿನ ಸಾಕು. ಹುಳು ಎರಿಯೊಳಗೆ ಸುರಂಗ ಕೊರೆಯುತ್ತಾ, ಹೋದಲ್ಲೆಲ್ಲ ಬಿಳಿ ಬಲೆ ಕಟ್ಟುತ್ತಾ ಹೋಗುತ್ತದೆ. ಕೊನೆಗೆ ಎರಿ ಇದ್ದ ಜಾಗದಲ್ಲಿ ಬಲೆ ಮತ್ತು ಕರಿ ಹಿಕ್ಕೆ ಮಾತ್ರ ಉಳಿಯುತ್ತದೆ. ಚಿಟ್ಟೆಯಾಗುವ ಮೊದಲು ರೇಷ್ಮೆಗೂಡು ಕಟ್ಟುವ ಹೊತ್ತಿಗೆ ಪೆಟ್ಟಿಗೆಯ ಮರವನ್ನೂ ಕೊರೆದು ಗುಳಿ ಮಾಡುತ್ತವೆ. ಒಂದು ಪೆಟ್ಟಿಗೆಯಲ್ಲಿ ಹೀಗಾದರೆ ಅಲ್ಲಿಂದ ಹಾರಿದ ಚಿಟ್ಟೆಗಳು ಪಕ್ಕದ ಪೆಟ್ಟಿಗೆಗೇ ಹೋಗುವುದು. ಹಾಗಾಗಿ ಖಾಲಿ ಪೆಟ್ಟಿಗೆಯನ್ನು "ಮತ್ತೆ ಜೇನು ಬಂದು ಕೂರಬಹುದು" ಅಂತ ಎರಿ ಸಮೇತ ಹಿತ್ತಿಲಲ್ಲಿ ಬಿಡುವುದು ಬೇಡವೇ ಬೇಡ.

ತೆರೆದು ನೋಡಿದಾಗ ಬಲೆ ಹತ್ತಿದ ಎರಿ ಇದ್ದರೆ ಅದರಿಂದ ಮೇಣ ತೆಗೆಯುವ ಆಸೆ ಬಿಡಿ. ಸುಟ್ಟುಹಾಕಿ, ಅಥವಾ ಆಳವಾಗಿ ಹೂಳಿ. ಬಲೆ ಇಲ್ಲದ್ದನ್ನು ಮಾತ್ರ ಒಳಗೆ ತನ್ನಿ.

ಈಗ ನಿಮ್ಮ ಮುಖ್ಯ ಪ್ರಶ್ನೆಗೆ ಬರೋಣ. ಎಲ್ಲರೂ ಮೇಣ ಎಷ್ಟು ಸಿಗುತ್ತದೆ ಅಂತ ಕೇಳುತ್ತಾರೆ. ನನ್ನ ಮಟ್ಟಿಗೆ ಎರಡು ಮೂರು ಪೆಟ್ಟಿಗೆ ಇಟ್ಟವರಿಗೆ ಮೇಣ ದೊಡ್ಡ ಲಾಭವೇ ಅಲ್ಲ. ಜೇನು ಕೋಣೆಯಲ್ಲಿ (ಪೆಟ್ಟಿಗೆಯ ಮೇಲೆ ಜೇನು ತುಂಬುವ ಅಂತಸ್ತು) ನೊಣಗಳು ಕಟ್ಟಿ ಮುಗಿಸಿದ ಬಿಳಿ ಎರಿ ಇದೆಯಲ್ಲ, ಅದನ್ನು ಮುರಿಯದೆ, ಕರಗಿಸದೆ, ಮುಂದಿನ ಹೂವಿನ ಕಾಲದವರೆಗೆ ಹಾಗೇ ಉಳಿಸಿಕೊಳ್ಳುವುದೇ ದೊಡ್ಡ ಲಾಭ.

ಯಾಕೆ ಅಂತ ಕೇಳಿ. ಮೇಣ ಹೂವಿನಿಂದ ಬರುವುದಲ್ಲ. ಸುಮಾರು 12ರಿಂದ 18 ದಿನ ವಯಸ್ಸಿನ ಕೆಲಸಗಾರ ನೊಣದ ಹೊಟ್ಟೆಯ ಅಡಿಯಲ್ಲಿ ನಾಲ್ಕು ಜೊತೆ ಮೇಣದ ಗ್ರಂಥಿಗಳಿರುತ್ತವೆ. ನೊಣ ಜೇನು ತಿಂದು, ಗೊಂಚಲಾಗಿ ನೇತು ಬಿದ್ದು ಮೈ ಬಿಸಿ ಮಾಡಿಕೊಂಡಾಗ ಅಲ್ಲಿಂದ ಮೇಣ ತೆಳು ಚಕ್ಕೆಯಾಗಿ ಹೊರಬರುತ್ತದೆ. ಒಂದು ಕಿಲೋ ಮೇಣಕ್ಕೆ ಆರರಿಂದ ಎಂಟು ಕಿಲೋ ಜೇನು ಬೇಕು ಅನ್ನುವುದು ಸಾಮಾನ್ಯವಾಗಿ ಹೇಳುವ ಲೆಕ್ಕ. ಕುಟುಂಬದ ಬಲ, ಹೂವಿನ ಕಾಲ ನೋಡಿಕೊಂಡು ಇದು ಹೆಚ್ಚುಕಡಿಮೆ ಆಗುತ್ತದೆ. ಒಟ್ಟಿನಲ್ಲಿ ನೀವು ಒಂದು ಒಳ್ಳೆಯ ಎರಿಯನ್ನು ಹಿಂಡಿ ಬಿಸಾಡಿದರೆ ಮುಂದಿನ ವರ್ಷ ಅಷ್ಟು ಎರಿ ಕಟ್ಟಲು ನೊಣ ಮತ್ತೆ ಜೇನು ಖರ್ಚು ಮಾಡಬೇಕು, ದಿನಗಳನ್ನೂ ಖರ್ಚು ಮಾಡಬೇಕು. ರಬ್ಬರ್ ತೋಟದ ಜೇನಿಗೋ, ಕೊಡಗಿನ ಕಡೆ ಹೂಮಳೆ ಬಿದ್ದ ಮೇಲಿನ ಕಾಫಿ ಹೂವಿಗೋ ಕಾಲ ಬಹಳ ಚಿಕ್ಕದು. ಕಾಫಿ ಹೂವಂತೂ ಕೆಲವೇ ದಿನದ ಆಟ. ಆ ಹೊತ್ತಿಗೆ ಕಟ್ಟಿದ ಎರಿ ಸಿದ್ಧ ಇದ್ದ ಕುಟುಂಬ ನೇರ ಜೇನು ತುಂಬುತ್ತದೆ, ಇಲ್ಲದ್ದು ಕಟ್ಟುವುದರಲ್ಲೇ ಇರುತ್ತದೆ.

ಹಾಗಾಗಿ ಜೇನು ತೆಗೆಯುವಾಗಲೇ ಕಾಳಜಿ ಬೇಕು. ಎರಿ ಹಿಂಡುವ ಅಭ್ಯಾಸ ಬಿಡಿ. ಮುಚ್ಚಳ ಕೊಯ್ದು, ಜೇನು ತೆಗೆಯುವ ಯಂತ್ರದಲ್ಲಿ ತಿರುಗಿಸಿ, ಚೌಕಟ್ಟನ್ನು ಹಾಗೇ ಹೊರತೆಗೆಯಬೇಕು. ಹೊಸ ಎರಿ ತುಂಬ ಮೆತ್ತಗೆ ಇರುತ್ತದೆ, ಅದನ್ನು ಮೊದಲು ನಿಧಾನಕ್ಕೆ ತಿರುಗಿಸಿ, ಮಗ್ಗುಲು ಬದಲಿಸಿ, ಆಮೇಲೆ ವೇಗ ಹೆಚ್ಚಿಸಿ. ಒಂದೇ ಸಲ ಜೋರು ಮಾಡಿದರೆ ಮುರಿಯುವುದು ಖಂಡಿತ. ಮೂರು ಪೆಟ್ಟಿಗೆಗೆ ಯಂತ್ರ ಕೊಳ್ಳುವುದು ದುಬಾರಿ ಅನಿಸಿದರೆ ಊರಲ್ಲಿ ಜೇನು ಸಾಕುವ ಇನ್ನಿಬ್ಬರು ಮೂವರು ಸೇರಿ ಒಂದು ಇಟ್ಟುಕೊಳ್ಳಿ. ಒಬ್ಬರ ಮನೆಯಿಂದ ಇನ್ನೊಬ್ಬರ ಮನೆಗೆ ಹೋಗುವಾಗ ಬಿಸಿನೀರಲ್ಲಿ ಚೆನ್ನಾಗಿ ತೊಳೆದು ಕೊಡಬೇಕು, ಅಷ್ಟೇ.

ಮುರಿದ ಬಿಳಿ ಎರಿ ಇದೆ ಅಂದಿರಿ. ಅಂಗೈಯಷ್ಟು ದೊಡ್ಡ ತುಂಡುಗಳಿದ್ದರೆ ಅವನ್ನೂ ಕರಗಿಸಬೇಡಿ. ಖಾಲಿ ಚೌಕಟ್ಟಿಗೆ ಇಟ್ಟು ಬಾಳೆ ನಾರಿನಲ್ಲಿ ಕಟ್ಟಿ, ಸಂಜೆ ಹೊತ್ತು ಬಲವಾದ ಕುಟುಂಬಕ್ಕೆ ಕೊಡಿ. ಕೆಲವೇ ದಿನದಲ್ಲಿ ನೊಣಗಳು ಅಂಚನ್ನೆಲ್ಲ ಅಂಟಿಸಿಬಿಡುತ್ತವೆ. ಆಮೇಲೆ ನಾರು ಕತ್ತರಿಸಿ ತೆಗೆದರಾಯಿತು, ಎಷ್ಟೋ ಸಲ ಅವೇ ಕಡಿದು ಹೊರಗೆ ಹಾಕಿರುತ್ತವೆ. ಒಂದು ವಿಷಯ ಗಮನಿಸಿ: ಎರಿಯ ಕೋಶಗಳು ಅಡ್ಡಕ್ಕೆ ನೇರವಾಗಿ ಇರುವುದಿಲ್ಲ, ಬಾಯಿ ಸ್ವಲ್ಪ ಮೇಲಕ್ಕೆ ವಾಲಿರುತ್ತದೆ. ಕಟ್ಟುವಾಗ ತಲೆಕೆಳಗು ಮಾಡಬೇಡಿ.

ಇನ್ನು ಜೇನು ತೆಗೆದ ಚೌಕಟ್ಟುಗಳನ್ನು ಇಡುವ ವಿಚಾರ. ಯಂತ್ರದಿಂದ ತೆಗೆದ ಎರಿಯಲ್ಲಿ ಸ್ವಲ್ಪ ಜೇನು ಅಂಟಿಕೊಂಡೇ ಇರುತ್ತದೆ. ಅದನ್ನು ಹಾಗೇ ಇಟ್ಟರೆ ಹುಳಿ ಬರುತ್ತದೆ, ಇರುವೆ ಮುತ್ತುತ್ತದೆ. ಕತ್ತಲಾಗುವ ಹೊತ್ತಿಗೆ ಅದೇ ಕುಟುಂಬದ ಮೇಲೆ ಮತ್ತೆ ಇಡಿ. ಒಂದೆರಡು ದಿನದಲ್ಲಿ ನೆಕ್ಕಿ ಒಣಗಿಸಿ ಕೊಡುತ್ತವೆ. ಹಗಲು ಹೊತ್ತು ಕೊಟ್ಟರೆ, ಇಲ್ಲವೇ "ನೊಣ ತಿನ್ನಲಿ" ಅಂತ ಅಂಗಳದಲ್ಲಿ ಇಟ್ಟರೆ, ಎಲ್ಲ ಪೆಟ್ಟಿಗೆಯ ನೊಣಗಳೂ ಬಂದು ಕಚ್ಚಾಟ ಶುರುವಾಗುತ್ತದೆ. ಆ ಜಗಳ ಬಲವಿಲ್ಲದ ಕುಟುಂಬವನ್ನು ದೋಚುವ ತನಕ ಹೋಗುತ್ತದೆ. ರೋಗ ಹರಡುವುದಕ್ಕೂ ಅದೇ ದಾರಿ.

ಒಣಗಿದ ಮೇಲೆ ಫ್ರೀಜರ್ ಇದ್ದರೆ ಅದಕ್ಕಿಂತ ಒಳ್ಳೆಯ ದಾರಿ ಇಲ್ಲ. ತುಡುವೆ ಪೆಟ್ಟಿಗೆಯ ಜೇನು ಚೌಕಟ್ಟು ಚಿಕ್ಕದು, ಮನೆಯ ಫ್ರಿಜ್ಜಿನ ಮೇಲಿನ ಕೋಣೆಯಲ್ಲೂ ಒಂದೆರಡು ಹಿಡಿಯುತ್ತವೆ. ದಪ್ಪ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ, ಮೈನಸ್ 18 ಡಿಗ್ರಿಯಲ್ಲಿ ಎರಡು ದಿನ ಬಿಡಿ. ಪತಂಗದ ಮೊಟ್ಟೆ, ಹುಳು, ಗೂಡಿನೊಳಗಿನ ಪ್ಯೂಪಾ ಎಲ್ಲವೂ ಸಾಯುತ್ತವೆ. ಹೊರಗೆ ತೆಗೆದ ಕೂಡಲೇ ಕವರ್ ಬಿಚ್ಚಬೇಡಿ. ತಣ್ಣನೆ ಎರಿಯ ಮೇಲೆ ಗಾಳಿಯ ತೇವ ಕೂತು ಬೂಸ್ಟು ಬರುತ್ತದೆ. ಪೂರ್ತಿ ಮಾಮೂಲಿ ಬಿಸಿಗೆ ಬರಲಿ. ಹೆಪ್ಪುಗಟ್ಟಿದ ಎರಿ ಗಾಜಿನಷ್ಟೇ ಬೇಗ ಒಡೆಯುತ್ತದೆ, ಹಾಗಾಗಿ ಎತ್ತಿಡುವಾಗ ಮೆಲ್ಲಗೆ. ಆಮೇಲೆ ಅದೇ ಕವರಿನಲ್ಲಿ, ಗಾಳಿಯಾಡದಂತೆ, ಇಲಿ ಸೇರದ ಕಡೆ ಇಟ್ಟುಬಿಡಿ. ಕವರ್ ತೂತಾಗದಿದ್ದರೆ ಮಳೆಗಾಲ ದಾಟಿ ಡಿಸೆಂಬರಿಗೂ ಚೆನ್ನಾಗಿರುತ್ತದೆ.

ಫ್ರೀಜರ್ ಇಲ್ಲದವರು ಗಂಧಕದ ಹೊಗೆ ಹಾಕುತ್ತಾರೆ. ಅದು ಹುಳುವನ್ನೂ ಚಿಟ್ಟೆಯನ್ನೂ ಕೊಲ್ಲುತ್ತದೆ, ಮೊಟ್ಟೆಯನ್ನು ಕೊಲ್ಲುವುದಿಲ್ಲ. ಹಾಗಾಗಿ ಎರಡು ವಾರ ಬಿಟ್ಟು ಇನ್ನೊಮ್ಮೆ ಹಾಕಬೇಕಾಗುತ್ತದೆ. ಮನೆಯೊಳಗೆ ಮಾಡಬಾರದು, ಆ ಹೊಗೆ ಉಸಿರಿಗೆ ಕೆಟ್ಟದ್ದು. ನೊಣಗಳಿಗೆ ಕೊಡುವ ಮೊದಲು ಎರಿಗೆ ಚೆನ್ನಾಗಿ ಗಾಳಿ ಆಡಿಸಬೇಕು. ನುಸಿಗುಳಿಗೆಯನ್ನು ಮಾತ್ರ ಯಾವ ಕಾರಣಕ್ಕೂ ಹಾಕಬೇಡಿ. ಬಟ್ಟೆಯ ಪೆಟ್ಟಿಗೆಗೆ ಹಾಕುತ್ತೇವಲ್ಲ, ಇದಕ್ಕೂ ಹಾಕಿದರಾಯಿತು ಅಂತ ಹೇಳಿಕೊಡುವವರಿದ್ದಾರೆ. ಮೇಣ ಆ ವಿಷವನ್ನು ಹೀರಿಕೊಂಡು ಬಿಡುತ್ತದೆ, ಮುಂದೆ ಆ ಎರಿಯಲ್ಲಿ ತುಂಬಿದ ಜೇನಿಗೂ ಅದು ಬರುತ್ತದೆ. ನಿಮ್ಮ ಮಕ್ಕಳು ತಿನ್ನುವ ಜೇನು ಅದು, ಅಲ್ವಾ?

ಇನ್ನೊಂದು ಸಮಾಧಾನದ ಮಾತು. ಮೇಣದ ಹುಳುವಿಗೆ ಬರೀ ಮೇಣ ಸಾಲುವುದಿಲ್ಲ. ಅದಕ್ಕೆ ಬೇಕಾದದ್ದು ಮರಿಗಳು ಬಿಟ್ಟ ಪೊರೆ ಮತ್ತು ಪರಾಗ. ಮರಿ ಬೆಳೆಯದ, ಪರಾಗ ಇಲ್ಲದ ಬಿಳಿ ಎರಿಗೆ ಅದರ ಕಾಟ ಬಹಳ ಕಡಿಮೆ. ಹಾಗಾಗಿ ಇಡುವಾಗ ಬಿಳಿಯದ್ದನ್ನು ಕಪ್ಪಿನ ಜೊತೆ ಬೆರೆಸಬೇಡಿ. "ಬಲವಾದ ಕುಟುಂಬದ ಮೇಲೆಯೇ ಎಲ್ಲ ಎರಿ ಬಿಟ್ಟರೆ ನೊಣಗಳೇ ಕಾಯುತ್ತವೆ" ಅನ್ನುವ ಸಲಹೆಯನ್ನೂ ನೀವು ಕೇಳಿರಬಹುದು. ಬೇಸಿಗೆಯಲ್ಲಿ ಸರಿ. ನಮ್ಮ ಮಳೆಗಾಲಕ್ಕೆ ಇದು ಹೊಂದುವುದಿಲ್ಲ. ಜೂನ್‌ನಿಂದ ತುಡುವೆ ಕುಟುಂಬ ಸಣ್ಣದಾಗುತ್ತಾ ಹೋಗುತ್ತದೆ, ತನಗೆ ಬೇಕಾದಷ್ಟು ಎರಿಯನ್ನಷ್ಟೇ ಮುಚ್ಚಿ ಕೂರುತ್ತದೆ. ನೊಣ ಕೂರದ ಎರಿ ಪೆಟ್ಟಿಗೆಯೊಳಗಿದ್ದರೂ ಪತಂಗದ ಪಾಲೇ. ಮಳೆ ಹಿಡಿಯುವ ಮೊದಲು ಜೇನು ಕೋಣೆ ತೆಗೆದಿಡಿ.

ಕಪ್ಪು ಎರಿಯನ್ನು ಬೇರೆ ಪೆಟ್ಟಿಗೆಗೆ ಕೊಡಬಹುದಾ ಅಂತ ಕೇಳಿದ್ದೀರಿ. ಬೇಡ. ಇದಕ್ಕೆ ಎರಡು ಕಾರಣ.

ಒಂದು, ತುಡುವೆಗೆ ಹಳೇ ಎರಿ ಇಷ್ಟವಿಲ್ಲ. ಮೆಲ್ಲಿಫೆರಾ (ಹೊರದೇಶದಿಂದ ಬಂದ ದೊಡ್ಡ ಪೆಟ್ಟಿಗೆ ಜೇನು) ಸಾಕುವವರು ವರ್ಷಗಟ್ಟಲೆ ಒಂದೇ ಮರಿ ಎರಿ (ಮರಿ ಬೆಳೆಯುವ ಎರಿ) ಬಳಸುವುದನ್ನು ನೋಡಿ ನಮ್ಮವರೂ ಹಾಗೇ ಮಾಡಲು ಹೋಗುತ್ತಾರೆ. ಒಂದೊಂದು ತಲೆಮಾರಿನ ಮರಿಯೂ ಕೋಶದೊಳಗೆ ರೇಷ್ಮೆಯ ಪೊರೆ ಬಿಟ್ಟು ಹೋಗುವುದರಿಂದ ಕೋಶ ಕಿರಿದಾಗುತ್ತಾ ಬರುತ್ತದೆ. ತುಡುವೆ ಅದನ್ನು ಸಹಿಸುವುದಿಲ್ಲ, ಕಡಿದು ಕೆಳಗೆ ಬೀಳಿಸುತ್ತದೆ. ಅಡಿಹಲಗೆಯ ಮೇಲೆ ಕರಿಪುಡಿ ರಾಶಿ ಬಿದ್ದಿದ್ದರೆ ಅದು ಇದೇ. ಆ ಪುಡಿಯಲ್ಲೂ ಪತಂಗದ ಹುಳು ಬೆಳೆಯುತ್ತದೆ, ಆಗಾಗ ಗುಡಿಸಿ ತೆಗೆಯಿರಿ. ನಾನು ನೋಡುವ ವಿಧಾನ ಇಷ್ಟೇ: ಖಾಲಿ ಎರಿಯನ್ನು ಬಿಸಿಲಿಗೆ ಹಿಡಿಯುವುದು, ಬೆಳಕು ಸ್ವಲ್ಪವೂ ಹಾಯದಿದ್ದರೆ ಅದರ ಕಾಲ ಮುಗಿಯಿತು. ಸಾಮಾನ್ಯವಾಗಿ ಎರಡು ವರ್ಷ ದಾಟಿದ ಮರಿ ಎರಿ ಹೀಗಾಗಿರುತ್ತದೆ. ಬಿಳಿ ಜೇನು ಎರಿ ಹಾಗಲ್ಲ, ಅದರಲ್ಲಿ ರಾಣಿ ಮೊಟ್ಟೆ ಇಡದಿದ್ದರೆ ಎಷ್ಟೋ ಋತು ಬರುತ್ತದೆ.

ಇನ್ನೊಂದು ಕಾರಣ ರೋಗ. ಆ ಕುಟುಂಬ ಯಾಕೆ ಗೂಡು ಬಿಟ್ಟಿತು? ಇರುವೆ ಕಾಟ, ಮೇವಿನ ಕೊರತೆ, ಪತಂಗ, ಬಿಸಿಲು, ಏನೂ ಆಗಿರಬಹುದು. ರೋಗವೂ ಆಗಿರಬಹುದು. 1991-92ರಲ್ಲಿ ಮರಿಗಳನ್ನು ಕೊಲ್ಲುವ ಥಾಯ್ ಸ್ಯಾಕ್‌ಬ್ರೂಡ್ ವೈರಸ್ ಬಂದು ದಕ್ಷಿಣ ಭಾರತದ ತುಡುವೆ ಕುಟುಂಬಗಳು ಸಾಲುಸಾಲಾಗಿ ಸತ್ತದ್ದನ್ನು ದಕ್ಷಿಣ ಕನ್ನಡ, ಕೊಡಗು, ಉತ್ತರ ಕನ್ನಡದ ಹಿರಿಯ ಜೇನು ಸಾಕಣೆದಾರರು ಇವತ್ತಿಗೂ ಮರೆತಿಲ್ಲ. ಹಳೇ ಎರಿಯಲ್ಲಿ ಸತ್ತ ಮರಿ ಇದೆಯಾ ನೋಡಿ. ತಲೆ ಮೇಲೆತ್ತಿ ದೋಣಿಯ ಹಾಗೆ ಬಾಗಿದ ಮರಿ, ಎತ್ತಿದರೆ ನೀರು ತುಂಬಿದ ಚೀಲದಂತೆ ಬರುವ ಮರಿ ಕಂಡರೆ ಆ ಎರಿಗಳನ್ನು ಪೂರ್ತಿ ಸುಟ್ಟುಹಾಕಿ. ಕೈ, ಚಾಕು, ಪೆಟ್ಟಿಗೆ ಎಲ್ಲ ತೊಳೆಯಿರಿ. ನಿಮ್ಮ ತಾಲೂಕಿನ ತೋಟಗಾರಿಕೆ ಇಲಾಖೆಯ ಕಚೇರಿಗೂ ತಿಳಿಸಿ. ಅಂಥ ಚಿಹ್ನೆ ಏನೂ ಇಲ್ಲದಿದ್ದರೂ ಆ ಎರಿಯ ಹಳೇ ಜೇನನ್ನು ಬೇರೆ ಕುಟುಂಬಕ್ಕೆ ತಿನ್ನಿಸಬೇಡಿ. ಎರಿಯನ್ನು ಕರಗಿಸುವುದೇ ಸರಿ.

ಕರಗಿಸಿದಾಗ ಬರೀ ಗಸಿ ಬಂತು ಅಂದಿರಲ್ಲ, ಅದು ಎಲ್ಲರಿಗೂ ಆಗುತ್ತದೆ, ಕಾರಣ ಸರಳ. ಕಪ್ಪು ಎರಿಯ ತೂಕದಲ್ಲಿ ಮೇಣ ಅರ್ಧವೂ ಸಿಗುವುದಿಲ್ಲ, ಉಳಿದದ್ದು ಪೊರೆ, ಪರಾಗ, ಮರಿಗಳ ಹಿಕ್ಕೆ. ಎರಿ ಒಣಗಿದ್ದರೆ ಕರಗಿದ ಮೇಣವನ್ನು ಆ ಪೊರೆಗಳೇ ಹೀರಿಕೊಂಡು ಕೂರುತ್ತವೆ. ಅದಕ್ಕೇ ಕರಗಿಸುವ ಹಿಂದಿನ ದಿನ ಕಪ್ಪು ಎರಿಯನ್ನು ಪುಡಿ ಮಾಡಿ ನೀರಲ್ಲಿ ನೆನೆಹಾಕಬೇಕು. ಪೊರೆಗಳು ಮೊದಲೇ ನೀರು ಕುಡಿದಿದ್ದರೆ ಮೇಣಕ್ಕೆ ಜಾಗ ಇರುವುದಿಲ್ಲ. ಆ ನೀರು ಕಾಫಿ ಬಣ್ಣಕ್ಕೆ ಬರುತ್ತದೆ, ಒಂದೆರಡು ಸಲ ಬದಲಿಸಿ.

ನೆನೆದದ್ದನ್ನು ಹಳೇ ಪಂಚೆಯ ತುಂಡಿನಲ್ಲಿ ಸಡಿಲವಾಗಿ ಗಂಟು ಕಟ್ಟಿ, ಸ್ಟೀಲ್ ಪಾತ್ರೆಯ ತಳಕ್ಕೆ ಎರಡು ಕಡ್ಡಿ ಅಡ್ಡ ಇಟ್ಟು ಅದರ ಮೇಲೆ ಗಂಟು, ಗಂಟಿನ ಮೇಲೆ ಒಂದು ತೊಳೆದ ಕಲ್ಲು. ಮೇಲೆ ಎರಡು ಮೂರು ಬೆರಳು ನಿಲ್ಲುವಷ್ಟು ನೀರು ಹಾಕಿ ಸಣ್ಣ ಉರಿಯಲ್ಲಿ ಬಿಸಿ ಮಾಡಿ. ಮೇಣ 62ರಿಂದ 65 ಡಿಗ್ರಿಗೆ ಕರಗುತ್ತದೆ, ಕೊತಕೊತ ಕುದಿಸುವ ಅಗತ್ಯವೇ ಇಲ್ಲ. 85 ಡಿಗ್ರಿ ದಾಟಿದರೆ ಬಣ್ಣ ಕಪ್ಪಾಗುತ್ತದೆ, ವಾಸನೆಯೂ ಹೋಗುತ್ತದೆ. ಸೌಟಿನಿಂದ ಗಂಟನ್ನು ಆಗಾಗ ಒತ್ತಿ, ಮಗುಚಿ ಒತ್ತಿ. ಮೇಣ ಹಗುರ, ನೀರಿನ ಮೇಲೆ ತೇಲಿ ಬರುತ್ತದೆ. ಒಲೆ ಆರಿಸಿ, ತಟ್ಟೆ ಮುಚ್ಚಿ, ಮೇಲೆ ಗೋಣಿ ಹೊದಿಸಿ, ಬೆಳಗಿನವರೆಗೆ ಮುಟ್ಟಬೇಡಿ. ನಿಧಾನವಾಗಿ ತಣಿದಷ್ಟೂ ಕಸ ಚೆನ್ನಾಗಿ ಕೆಳಗಿಳಿಯುತ್ತದೆ. ಬೆಳಿಗ್ಗೆ ಮೇಲೆ ಮೇಣದ ಬಿಲ್ಲೆ ಸಿಗುತ್ತದೆ. ಅದರ ಅಡಿಗೆ ಅಂಟಿದ ಬೂದು ಕಸವನ್ನು ಚಾಕುವಿನಿಂದ ಹೆರೆದು, ಮತ್ತೊಮ್ಮೆ ಕರಗಿಸಿ ಬಟ್ಟೆಯಲ್ಲಿ ಸೋಸಿ. ಕಬ್ಬಿಣ, ತಾಮ್ರ, ಹಿತ್ತಾಳೆ ಪಾತ್ರೆ ಬೇಡ, ಬಣ್ಣ ಕೆಡುತ್ತದೆ. ಆ ಪಾತ್ರೆ, ಸೌಟು ಮತ್ತೆ ಅಡುಗೆಗೆ ಬರುವುದಿಲ್ಲ ಅನ್ನುವುದೂ ನೆನಪಿರಲಿ. ಬಿಸಿ ಮೇಣವನ್ನು ಸಿಂಕಿಗೆ ಸುರಿದರೆ ಪೈಪು ಕಟ್ಟಿಕೊಳ್ಳುತ್ತದೆ.

ನಿಮ್ಮ ಕಡೆಯ ಬಾವಿ ನೀರು ಮೆದು, ತೊಂದರೆ ಇಲ್ಲ. ಬಯಲುಸೀಮೆಯಲ್ಲಿ ಕೊಳವೆಬಾವಿಯ ಗಡಸು ನೀರು ಬಳಸುವವರಿಗೆ ಮೇಣ ನೀರಿನೊಂದಿಗೆ ಬೆರೆತು ಬೂದು ಬಣ್ಣದ ಸ್ಪಂಜಿನ ಹಾಗಾಗುತ್ತದೆ. ಅಂಥವರು ಮಳೆನೀರು ಬಳಸಬೇಕು, ಇಲ್ಲವೇ ಸ್ವಲ್ಪ ವಿನೆಗರ್ ಸೇರಿಸಬೇಕು.

ಸೋಸುವಾಗಲೂ ಮುಲಾಮು ಮಾಡುವಾಗಲೂ ಮೇಣದ ಪಾತ್ರೆಯನ್ನು ನೇರ ಗ್ಯಾಸಿನ ಮೇಲೆ ಇಡಬೇಡಿ. ನೀರಿರುವ ದೊಡ್ಡ ಪಾತ್ರೆಯೊಳಗೆ ಮೇಣದ ಪಾತ್ರೆ ಇಡಿ. ಮೇಣ ಎಣ್ಣೆಯ ಥರವೇ ಹೊತ್ತಿಕೊಳ್ಳುವ ವಸ್ತು. ಅಕಸ್ಮಾತ್ ಬೆಂಕಿ ಹತ್ತಿದರೆ ನೀರು ಸುರಿಯಲೇಬಾರದು, ತಟ್ಟೆ ಮುಚ್ಚಿ ಗ್ಯಾಸ್ ಆರಿಸಬೇಕು. ಕರಗುವಷ್ಟು ಹೊತ್ತು ಒಲೆಯ ಹತ್ತಿರ ಒಬ್ಬರು ಇರಲೇಬೇಕು.

ಮುಚ್ಚಳ ಕೊಯ್ದ ಮೇಣಕ್ಕೆ ಇಷ್ಟು ಕಷ್ಟ ಇಲ್ಲ. ಇರುವುದರಲ್ಲಿ ಅದೇ ಅತ್ಯುತ್ತಮ ಮೇಣ. ಜರಡಿಯಲ್ಲಿ ಹಾಕಿ ಜೇನು ಪೂರ್ತಿ ಇಳಿಯಲು ಬಿಡಿ, ಆಮೇಲೆ ಉಗುರುಬೆಚ್ಚಗಿನ ನೀರಲ್ಲಿ ತೊಳೆಯಿರಿ. ಆ ಸಿಹಿ ನೀರನ್ನು ಸೋಸಿ ಅವತ್ತೇ ನಿಂಬೆ ಹಿಂಡಿ ಪಾನಕ ಮಾಡಿ ಕುಡಿಯಬಹುದು, ಇಟ್ಟರೆ ಹುಳಿಯುತ್ತದೆ. ತೊಳೆದ ಮೇಣವನ್ನು ಬಿಸಿಲಲ್ಲೇ ಕರಗಿಸಬಹುದು. ಒಂದು ಮರದ ಅಥವಾ ಥರ್ಮೋಕೋಲ್ ಪೆಟ್ಟಿಗೆ, ಒಳಗೆ ಕಪ್ಪು ಬಣ್ಣ ಬಳಿದ ಓರೆಯಾದ ತಗಡು, ತಗಡಿನ ತುದಿಗೆ ಬಟ್ಟೆ ಕಟ್ಟಿದ ಸ್ಟೀಲ್ ಬಟ್ಟಲು, ಬಟ್ಟಲಲ್ಲಿ ಒಂದಿಷ್ಟು ನೀರು, ಮೇಲೆ ಗಾಜು. ಫೆಬ್ರುವರಿಯಿಂದ ಮೇ ತನಕದ ಬಿಸಿಲಿಗೆ ಇದು ಧಾರಾಳವಾಗಿ ಕೆಲಸ ಮಾಡುತ್ತದೆ, ಮೇಣದ ಬಣ್ಣವೂ ತಿಳಿಯಾಗುತ್ತದೆ. ಕಪ್ಪು ಎರಿಗೆ ಇದು ಆಗುವುದಿಲ್ಲ, ಮೇಣವೆಲ್ಲ ಪೊರೆಯಲ್ಲೇ ಉಳಿಯುತ್ತದೆ.

ಎಷ್ಟು ಸಿಗುತ್ತದೆ? ಮುಚ್ಚಳದ ಮೇಣ ಜೇನಿನ ತೂಕದ ನೂರಕ್ಕೆ ಒಂದೆರಡು ಪಾಲು. ಹತ್ತು ಕಿಲೋ ಜೇನು ತೆಗೆದರೆ 100ರಿಂದ 200 ಗ್ರಾಂ. ನಿಮ್ಮ ಮೂರು ಪೆಟ್ಟಿಗೆಗೆ ಇದು ಮಾರುವ ಸರಕಲ್ಲ, ಆದರೆ ಮನೆಗೂ ಜೇನು ಪೆಟ್ಟಿಗೆಗೂ ಸಾಕು.

ಅದರ ಮೊದಲ ಹಕ್ಕುದಾರರು ನೊಣಗಳೇ. ನಯವಾದ ತೆಳು ಹಲಗೆಯನ್ನು ನೀರಲ್ಲಿ ನೆನೆಸಿ, ಒರೆಸಿ, ಕರಗಿದ ಮೇಣದಲ್ಲಿ ಎರಡು ಮೂರು ಸಲ ಅದ್ದಿ, ತಣ್ಣೀರಿಗೆ ಹಿಡಿದರೆ ಮೇಣದ ಹಾಳೆ ಕಿತ್ತು ಬರುತ್ತದೆ. ಒಂದು, ಒಂದೂವರೆ ಸೆಂಟಿಮೀಟರ್ ಅಗಲಕ್ಕೆ ಕತ್ತರಿಸಿ ಚೌಕಟ್ಟಿನ ಮೇಲುಪಟ್ಟಿಯ ಅಡಿಯ ಉದ್ದ ಸೀಳಿಗೆ ಕೂರಿಸಿ, ಬ್ರಷ್ಷಿನಲ್ಲಿ ಬಿಸಿ ಮೇಣ ಹಚ್ಚಿ ಅಂಟಿಸಿ. ತುಡುವೆಗೆ ಅಷ್ಟು ದಾರಿ ತೋರಿಸಿದರೆ ಸಾಕು, ನೇರವಾಗಿ ಎರಿ ಕಟ್ಟುತ್ತದೆ. ಅಂಗಡಿಯ ಅಚ್ಚು ಹಾಳೆ ತರುವವರು ಕೇಳಿ ತನ್ನಿ. ಮೆಲ್ಲಿಫೆರಾದ ಹಾಳೆಯ ಕೋಶ ದೊಡ್ಡದು, ತುಡುವೆಗೆ ಹೊಂದುವುದಿಲ್ಲ. ಪ್ಯಾರಾಫಿನ್ ಬೆರೆತ ಹಾಳೆಯಾದರೆ ಸೆಕೆಗೆ ಜೋತು ಬೀಳುವುದೂ ಉಂಟು. ಸ್ವಂತ ಮೇಣದಲ್ಲಿ ಮಾಡಿದ ಪಟ್ಟಿಗೆ ಈ ಎರಡು ಚಿಂತೆಯೂ ಇಲ್ಲ.

ಖಾಲಿ ಪೆಟ್ಟಿಗೆಗೆ ಹೊಸ ಜೇನು ಬರಲಿ ಅನ್ನುವವರು ಎರಿ ಬಿಡುವ ಬದಲು ಪೆಟ್ಟಿಗೆಯ ಒಳಮೈಗೆ ಮತ್ತು ಬಾಗಿಲಿಗೆ ಮೇಣ ಉಜ್ಜಿ, ಸ್ವಲ್ಪ ಬಿಸಿ ತೋರಿಸಿ. ಮಡಕೆ ಇಟ್ಟು ಜೇನು ಹಿಡಿಯುವವರು ಮಾಡುವುದೂ ಇದನ್ನೇ. ಪಾಲಾಗಿ ಬಂದ ಹಿಂಡಿಗೆ ವಾಸನೆ ಸಾಕು, ಪತಂಗಕ್ಕೆ ತಿನ್ನಲು ಏನೂ ಇರುವುದಿಲ್ಲ.

ಮನೆಗಾದರೆ, 100 ಗ್ರಾಂ ತೆಂಗಿನೆಣ್ಣೆಗೆ 20ರಿಂದ 25 ಗ್ರಾಂ ಮುಚ್ಚಳದ ಮೇಣ ಕರಗಿಸಿ ಬೆರೆಸಿದರೆ ಒಡೆದ ಹಿಮ್ಮಡಿಗೆ, ತುಟಿಗೆ ಒಳ್ಳೆಯ ಮುಲಾಮು. ಚಳಿಗಾಲಕ್ಕೆ ಮೇಣ ಕಡಿಮೆ, ಸೆಕೆಗಾಲಕ್ಕೆ ಸ್ವಲ್ಪ ಜಾಸ್ತಿ. ಅಜ್ಜಿಯರು ಹಣೆಗೆ ಮೇಣ ಹಚ್ಚಿ ಅದರ ಮೇಲೆ ಪುಡಿ ಕುಂಕುಮ ಇಟ್ಟುಕೊಳ್ಳುತ್ತಿದ್ದದ್ದು ಇದೇ ಜೇನುಮೇಣ. ಚೀಲ ಹೊಲಿಯುವ ದಾರಕ್ಕೆ, ಬಾಗಿಲ ಮರಕ್ಕೆ, ಬಿಗಿಯಾದ ಡ್ರಾಯರಿಗೆ ಉಜ್ಜಲೂ ಬರುತ್ತದೆ. ಕಪ್ಪು ಎರಿಯ ಮೇಣವನ್ನು ಮೈಗೆ ಹಚ್ಚುವುದಕ್ಕೆ ಬಳಸಬೇಡಿ, ಪೆಟ್ಟಿಗೆಗೆ ಮತ್ತು ಮರಕ್ಕೆ ಇರಲಿ. ಮುಜಂಟಿ (ಚುಚ್ಚದ ಪುಟ್ಟ ಜೇನು) ಜೇನಿನ ಮೇಣವನ್ನೂ ಇದಕ್ಕೆ ಬೆರೆಸಬೇಡಿ. ಅದರಲ್ಲಿ ಮರದ ಅಂಟು ಸೇರಿರುತ್ತದೆ, ಬೆರೆತರೆ ಇಡೀ ಬಿಲ್ಲೆ ಕಪ್ಪಾಗಿ ಜಿಗುಟಾಗುತ್ತದೆ.

ಸೋಸಿದ ಮೇಣದ ಬಿಲ್ಲೆಗೆ ಪತಂಗ ಬರುವುದಿಲ್ಲ, ಕಾಗದದಲ್ಲಿ ಸುತ್ತಿ ಡಬ್ಬಿಯಲ್ಲಿಟ್ಟರೆ ವರ್ಷಗಟ್ಟಲೆ ಇರುತ್ತದೆ. ಕೆಲವು ತಿಂಗಳಿಗೆ ಮೇಲೆ ಬೂದಿ ಹಚ್ಚಿದ ಹಾಗೆ ಬೆಳ್ಳಗೆ ಪುಡಿ ಕೂತರೆ ಬೂಸ್ಟು ಅಂದುಕೊಂಡು ಎಸೆಯಬೇಡಿ. ಶುದ್ಧ ಮೇಣದ ಗುಣ ಅದು, ಬಟ್ಟೆಯಲ್ಲಿ ಉಜ್ಜಿದರೆ, ಸ್ವಲ್ಪ ಬಿಸಿ ತಾಗಿಸಿದರೆ ಹೋಗುತ್ತದೆ. ಗಂಟಿನಲ್ಲಿ ಉಳಿದ ಕಪ್ಪು ಚರಟವನ್ನು ಮಾತ್ರ ಹಿತ್ತಿಲಲ್ಲಿ ಗುಡ್ಡೆ ಹಾಕಬೇಡಿ. ಒಣಗಿಸಿ ಬಚ್ಚಲೊಲೆಗೆ ಹಾಕಿ, ಚೆನ್ನಾಗಿ ಉರಿಯುತ್ತದೆ. ಕಂದು ನೀರು ತಣಿದ ಮೇಲೆ ತೆಂಗಿನ ಬುಡಕ್ಕೆ ಸುರಿಯಬಹುದು.